ಬಿಟ್ಟು ಹೋಗಿ ಎಂದವರ ವಿಳಾಸ

ಬೆಂಗಳೂರು ಬಿಟ್ಟು ಹೋಗಬೇಕು ಎಂದು ಬೆಂಗಳೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಗಾಡಿ ಆಫ್ ಮಾಡಿ ಹೇಳುತ್ತಾರೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹೇಳುತ್ತಾರೆ. ಗೃಹಪ್ರವೇಶದ ಪಂಕ್ತಿಯಲ್ಲಿ ಕೂತು, ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳುತ್ತಾರೆ. ಆ ಗೃಹಪ್ರವೇಶ ಬೆಂಗಳೂರಿನ ಮನೆಯದೇ. ಸಾಲ ಇಪ್ಪತ್ತು ವರ್ಷದ್ದು.

"ಸಾಕಾಯ್ತಪ್ಪ ಈ ಊರು. ಆರಾಮಾಗಿ ಮೈಸೂರಿಗೆ ಹೋಗಿ ಇದ್ದುಬಿಡೋಣ ಅನ್ಸತ್ತೆ" ಎಂಬುದು ಇಲ್ಲಿನ ಕುಶಲೋಪರಿ. ಇದಕ್ಕೆ ಉತ್ತರ ಹುಡುಕಬೇಕಾಗಿಲ್ಲ. "ಹೂಂ, ನಮಗೂ ಹಾಗೇ ಅನ್ಸತ್ತೆ" ಅಂದರೆ ಸಾಕು. ಅಲ್ಲಿಗೆ ಮೈಸೂರು ಮುಗಿಯಿತು. ಮಾತು ಮಕ್ಕಳ ಸ್ಕೂಲ್ ಫೀಸಿಗೆ ಹೊರಳುತ್ತದೆ.

ನಮ್ಮ ಮನೆಯಲ್ಲೂ ಈ ಚರ್ಚೆ ನಡೆಯುತ್ತಿದೆ. ಹೆಂಡತಿ ಕಾಗದ, ಪೆನ್ನು ಹಿಡಿದು ಲೆಕ್ಕ ಹಾಕುತ್ತಾಳೆ. ನಾನು ಬೈಯುತ್ತೇನೆ. ಕೆಲಸ ಹಂಚಿಕೊಂಡಿದ್ದೇವೆ.

ಬೈಯಲು ಸಾಮಗ್ರಿಗೆ ಬರವಿಲ್ಲ. 2025ನೇ ಇಸವಿ ಒಂದನ್ನೇ ತೆಗೆದುಕೊಳ್ಳಿ. ಜನವರಿ 5ಕ್ಕೆ ಬಸ್ ದರ ಶೇ 15ರಷ್ಟು ಏರಿತು. ಫೆಬ್ರುವರಿ 9ಕ್ಕೆ ಮೆಟ್ರೊ ಸರದಿ. 60 ರೂಪಾಯಿ ಇದ್ದ ಗರಿಷ್ಠ ದರ 90 ಆಯಿತು. ಬಸ್ಸು ದುಬಾರಿ ಎಂದು ಮೆಟ್ರೊ ಹತ್ತಿದವನು ಮೆಟ್ರೊ ದುಬಾರಿ ಎಂದು ಸ್ಕೂಟರ್ ಹತ್ತಿದ. ಹತ್ತಿ, ಸಾರ್ವಜನಿಕ ಸಾರಿಗೆ ಬಳಸಿ ಎಂಬ ಬೋರ್ಡಿನ ಕೆಳಗೆ ಅರ್ಧ ಗಂಟೆ ನಿಂತ. ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ಅದೇ ತಿಂಗಳು ನೀರು. ಅದೇ ತಿಂಗಳು ಕಸ. ಕಸಕ್ಕೆ ಮನೆಯ ಅಳತೆ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿ. ನಮ್ಮ ಬೀದಿ ಮೂಲೆಯ ರಾಶಿ ಮಾತ್ರ ಹಳೆಯ ದರದಲ್ಲೇ ಬಿದ್ದಿದೆ.

ನೀರಿನ ದರ 2014ರಿಂದ ಏರಿಸಿರಲಿಲ್ಲ ಎಂದು ಜಲಮಂಡಳಿ ಹೇಳಿತು. ನಿಜವೇ. ನಗರದ ಅಂಚಿನವರ ನಲ್ಲಿಯಲ್ಲಿ ನೀರೂ ಬಂದಿರಲಿಲ್ಲ. 2007ರಲ್ಲಿ 110 ಹಳ್ಳಿಗಳನ್ನು ಪಾಲಿಕೆಯೊಳಕ್ಕೆ ಎಳೆದುಕೊಂಡರು. ತೆರಿಗೆ ಬೇಗ ತಲುಪಿತು. ಅವರಿಗಾಗಿ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ನಗರದ 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಲೆಕ್ಕ ಕೊಟ್ಟರು. ಸದಾಶಿವನಗರದ ತಮ್ಮ ಮನೆಯ ಬೋರ್‌ವೆಲ್ಲೂ ಬತ್ತಿದೆ ಎಂದರು. ಜನರಿಗೆ ಎಷ್ಟೋ ಸಮಾಧಾನವಾಯಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಆದೇಶವೂ ಬಂತು. ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಿದ್ದವರು ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದರು. ಅವರಿಗೆ ಕಾರಿರಲಿಲ್ಲ.

ಇನ್ನು ಬಾಡಿಗೆ. ಕೇಂದ್ರ ಸಂಪುಟ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎಂದಿತು. ಮನೆ ನೋಡಲು ಹೋದಾಗ ಇದನ್ನು ಒಬ್ಬ ಓನರಿಗೆ ವಿನಯದಿಂದ ತಿಳಿಸಿದೆ. ಅವರೂ ಅಷ್ಟೇ ವಿನಯದಿಂದ, "ಅದು ಮಾದರಿ ತಾನೇ ಸಾರ್? ನಮ್ದು ಒರಿಜಿನಲ್ಲು. ಹತ್ತು ತಿಂಗಳು" ಎಂದರು.

ಆಮೇಲೆ ಸಂದರ್ಶನ. ನನಗೆ ಕೆಲಸ ಕೊಟ್ಟ ಕಂಪನಿಯೂ ಇಷ್ಟು ಕೇಳಿರಲಿಲ್ಲ.

"ಎಷ್ಟು ಜನ ಇರ್ತೀರಾ?"

"ನಾಲ್ಕು ಜನ ಸಾರ್."

"ನೆಂಟ್ರು ಜಾಸ್ತಿನಾ?"

"ಬರ್ತಾರೆ, ಹೋಗ್ತಾರೆ."

"ಬಂದ್ರೆ ಎಷ್ಟು ದಿನ ಇರ್ತಾರೆ? ಅಲ್ಲ, ಸಂಪಲ್ಲಿ ನೀರು ನೋಡ್ಕೋಬೇಕಲ್ಲ, ಅದಕ್ಕೆ ಕೇಳಿದ್ದು. ವಾಷಿಂಗ್ ಮಷೀನ್ ದಿನಾ ಹಾಕ್ತೀರಾ? ಮಾಂಸ ಗೀಂಸ ಏನಾದ್ರೂ? ಬೇಜಾರು ಮಾಡ್ಕೋಬೇಡಿ, ನೀವು ಯಾವ ಜನ?"

ಜಾತಿ ಕೇಳುವಾಗ ಮಾತ್ರ ಬೇಜಾರು ಮಾಡ್ಕೋಬೇಡಿ ಎನ್ನುವ ಸೌಜನ್ಯ. ಹಿಂದಿನ ಗೋಡೆಯ ಮೇಲೆ ಬಸವಣ್ಣ, ಕುವೆಂಪು ಇಬ್ಬರೂ ಫ್ರೇಮಿನಲ್ಲಿದ್ದರು.

ಮನೆ ಬಿಡುವಾಗಲೂ ಒಂದು ಶಾಸ್ತ್ರವಿದೆ. ಪೇಂಟಿಂಗ್ ಚಾರ್ಜ್ ಎಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಬಣ್ಣ ಹೊಡೆಸುವುದಿಲ್ಲ. ಮುಂದೆ ಬಂದವರೂ ಬಿಡುವಾಗ ಅದೇ ಗೋಡೆಗೆ ಕೊಟ್ಟು ಹೋಗುತ್ತಾರೆ. ಎಷ್ಟು ಸಂಸಾರಗಳು ಆ ಗೋಡೆಗೆ ಕಾಣಿಕೆ ಸಲ್ಲಿಸಿವೆಯೋ ಗೊತ್ತಿಲ್ಲ. ಬಣ್ಣ ಮಾತ್ರ ಧರ್ಮಸಿಂಗ್ ಮುಖ್ಯಮಂತ್ರಿಯಾಗಿದ್ದಾಗಿನದು.

ಇಷ್ಟೆಲ್ಲ ಕೊಟ್ಟೂ, ದೆಹಲಿಯ ಕಣ್ಣಿಗೆ ನಾವು ಮಹಾನಗರದವರಾಗಿರಲಿಲ್ಲ ಎಂಬುದು ನಿಮಗೆ ನೆನಪಿರಲಿ. ಸಂಬಳದಾರರ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಕೊಡುವಾಗ ದಶಕಗಳ ಕಾಲ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಿಗೆ ಮೂಲ ವೇತನದ ಶೇ 50ರ ಮಿತಿ. ಬೆಂಗಳೂರಿಗೆ ಶೇ 40. ಮಂಡ್ಯಕ್ಕೂ ಅಷ್ಟೇ, ಬೆಳ್ಳಂದೂರಿಗೂ ಅಷ್ಟೇ. ಅದೇ ಕೇಂದ್ರ ಸರ್ಕಾರ ತನ್ನ ನೌಕರರಿಗೆ ಬಾಡಿಗೆ ಭತ್ಯೆ ಕೊಡುವಾಗ ಬೆಂಗಳೂರನ್ನು ಎಕ್ಸ್ ದರ್ಜೆಯ ನಗರ ಎಂದು ದೆಹಲಿ, ಮುಂಬೈಗಳ ಪಕ್ಕದಲ್ಲೇ ಕೂರಿಸಿತ್ತು. ಕೊಡುವುದು ತನ್ನವರಿಗಾದರೆ ಮಹಾನಗರ. ಬಿಡುವುದು ನಿಮಗಾದರೆ ದೊಡ್ಡ ಹಳ್ಳಿ.

ಸರಿ, ಬಿಟ್ಟೇ ಹೋಗೋಣ. ಎಲ್ಲಿಗೆ?

ಇದಕ್ಕೆ ಸರ್ಕಾರದ ಬಳಿ ಉತ್ತರವಿದೆ. 'ಬಿಯಾಂಡ್ ಬೆಂಗಳೂರು' ಎನ್ನುತ್ತಾರೆ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ. ನಕ್ಷೆಯ ಮೇಲೆ ಬಣ್ಣಬಣ್ಣದ ಚುಕ್ಕೆ ಇಟ್ಟು, ಅಲ್ಲಿಗೆ ಹೋಗಿ, ಜೀವನ ಅಗ್ಗ, ಗಾಳಿ ಶುದ್ಧ ಎಂದು ಭಾಷಣ ಮಾಡುತ್ತಾರೆ. ಭಾಷಣ ಮುಗಿಸಿ ರಾತ್ರಿಯ ವಿಮಾನಕ್ಕೆ ಬೆಂಗಳೂರಿಗೆ ವಾಪಸ್ಸು. ಶುದ್ಧ ಗಾಳಿಯಲ್ಲಿ ಒಂದು ರಾತ್ರಿ ಮಲಗಿದರೆ ನೆಗಡಿಯಾಗುತ್ತದೇನೋ.

ಸರ್ಕಾರವೇ ವರ್ಷಕ್ಕೊಮ್ಮೆ ಊರು ಬಿಟ್ಟು ಹೋಗುವ ಪ್ರಯೋಗ ಮಾಡುತ್ತದೆ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ನೂರಾರು ಕೋಟಿಯ ಕಟ್ಟಡ. ಚಳಿಗಾಲದಲ್ಲಿ ಸುಮಾರು ಹತ್ತು ದಿನದ ಅಧಿವೇಶನ. ಕಡತಗಳು ಹೋಗುತ್ತವೆ, ಕಾರುಗಳು ಹೋಗುತ್ತವೆ, ಮಾರ್ಷಲ್‌ಗಳು ಹೋಗುತ್ತಾರೆ. ಉತ್ತರ ಕರ್ನಾಟಕದ ಸಮಸ್ಯೆಗಳ ಚರ್ಚೆಯನ್ನು ಕೊನೆಯ ದಿನಗಳಿಗೆ ಇಟ್ಟುಕೊಳ್ಳುತ್ತಾರೆ. ಆ ಹೊತ್ತಿಗೆ ಅರ್ಧ ಕುರ್ಚಿಗಳು ಬೆಂಗಳೂರಿನ ಹೆದ್ದಾರಿಯಲ್ಲಿರುತ್ತವೆ. ಕೈತುಂಬ ಭತ್ಯೆ, ವಸತಿ, ಊಟ, ಪೊಲೀಸು ಎಲ್ಲ ಇದ್ದೂ ಬೆಳಗಾವಿಯಲ್ಲಿ ಎರಡು ವಾರ ಇರಲಾಗದವರು ನಮಗೆ ಅಲ್ಲಿ ಇಡೀ ಬದುಕು ಕಟ್ಟಿಕೊಳ್ಳಿ ಎನ್ನುತ್ತಾರೆ.

ನೌಕರಶಾಹಿಯದು ಇನ್ನೂ ಚೆಂದ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. ಅಧಿಕಾರಿಗೆ ಬುದ್ಧಿ ಕಲಿಸಬೇಕಾದರೆ ಇವತ್ತಿಗೂ ಎತ್ತಂಗಡಿ ಮಾಡುವುದು ಅಲ್ಲಿಗೇ. ಆದೇಶ ರದ್ದು ಮಾಡಿಸಲು ವಿಧಾನಸೌಧದ ಕಾರಿಡಾರಿನಲ್ಲಿ ಲೆಟರ್‌ಹೆಡ್ ಹಿಡಿದು ನಿಂತವರ ಸಾಲು ನೋಡಿ. ಅವರಿಗೆ ಶಿಕ್ಷೆಯಾದದ್ದು ನಮಗೆ ಸಲಹೆ.

2023ರ ಮಾರ್ಚ್ 12. ಪ್ರಧಾನಿ ಒಂದೇ ದಿನ ರಾಜ್ಯದಲ್ಲಿ ಎರಡು ದೊಡ್ಡ ಉದ್ಘಾಟನೆ ಮಾಡಿದರು. ಮೊದಲು ಮಂಡ್ಯದಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ. 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ. ಆಮೇಲೆ ಹುಬ್ಬಳ್ಳಿಯಲ್ಲಿ ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರಂ. 1,507 ಮೀಟರ್. ಮೈಸೂರಿಗೆ ಬೆಂಗಳೂರನ್ನು ಬೇಗ ತಲುಪುವ ರಸ್ತೆ ಸಿಕ್ಕಿತು. ಹುಬ್ಬಳ್ಳಿಗೆ ಬೆಂಗಳೂರಿನ ರೈಲಿಗಾಗಿ ಒಂದೂವರೆ ಕಿಲೋಮೀಟರ್ ಉದ್ದಕ್ಕೂ ನಿಲ್ಲುವ ಸೌಲಭ್ಯ ಸಿಕ್ಕಿತು. ಗಿನ್ನೆಸ್ ದಾಖಲೆ ಬೇರೆ. ಡಿಗ್ರಿ ಮುಗಿಸಿದ ಹುಡುಗರು ಬ್ಯಾಗು ಹೊತ್ತು ಆ ದಾಖಲೆಯ ಮೇಲೆಯೇ ನಡೆದು ಬೋಗಿ ಹುಡುಕುತ್ತಾರೆ.

ಎಕ್ಸ್‌ಪ್ರೆಸ್‌ವೇ ಮೇಲೆ ಆ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧ. ಸುರಕ್ಷತೆಗಾಗಿ ಎಂದರು, ಇರಲಿ. ಆದರೂ ನೋಡಿ: ಅಗ್ಗದ ಊರಿಗೆ ಹೋಗುವ ಹೆದ್ದಾರಿ ಹತ್ತಲು ಕಾರು ಬೇಕು, ಟೋಲ್ ಬೇಕು. ಬೈಕಿನವನು ಸರ್ವಿಸ್ ರಸ್ತೆಯ ಹಂಪು ಎಣಿಸುತ್ತ ಹೋಗಬೇಕು.

ಕಂಪನಿಗಳ ಕಥೆಗೆ ಬನ್ನಿ. ಲಾಕ್‌ಡೌನ್ ಕಾಲದಲ್ಲಿ ಎಲ್ಲಿಂದ ಬೇಕಾದರೂ ಕೆಲಸ ಮಾಡಿ ಎಂದರು. ಮಲೆನಾಡಿನ ಹುಡುಗರು ಸಿಗ್ನಲ್ ಸಿಗುವ ಗುಡ್ಡ ಹತ್ತಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಅಮೆರಿಕದ ಬ್ಯಾಂಕುಗಳನ್ನು ನಡೆಸಿದರು. ಯಾವ ಬ್ಯಾಂಕೂ ಮುಳುಗಲಿಲ್ಲ. ಮಾರಿ ದಾಟಿದ ಮೇಲೆ ವಾಪಸ್ಸು ಬನ್ನಿ ಎಂಬ ಮೇಲ್ ಬಂತು. ಮುಖಾಮುಖಿ ಕೂತರೆ ಸಂಸ್ಕೃತಿ ಬೆಳೆಯುತ್ತದಂತೆ. ಈಗ ಅವರು ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಟೆಕ್ಸಾಸಿನವರ ಜೊತೆ ವಿಡಿಯೊ ಕಾಲಿನಲ್ಲಿ ಮುಖಾಮುಖಿ ಕೂರುತ್ತಾರೆ. ಸಂಸ್ಕೃತಿ ಕಾಫಿ ಮಷೀನಿನ ಹತ್ತಿರ ಬೆಳೆಯುತ್ತಿದೆ.

ಹುಬ್ಬಳ್ಳಿಯ ಶಾಖೆಗೆ ಕಳಿಸಿ ಎಂದು ಕೇಳಿ ನೋಡಿ. "ಖಂಡಿತಾ. ಅಲ್ಲಿ ಖರ್ಚು ಕಮ್ಮಿ ಅಲ್ವಾ, ಅದಕ್ಕೆ ತಕ್ಕ ಹಾಗೆ ಸಂಬಳ ಹೊಂದಿಸ್ತೀವಿ" ಎನ್ನುತ್ತಾರೆ. ಅದೇ ಕಂಪ್ಯೂಟರು, ಅದೇ ಕೆಲಸ, ಅದೇ ಗಿರಾಕಿ, ಅದೇ ಡಾಲರು. ಖರ್ಚು ಉಳಿಸಲು ಊರು ಬಿಟ್ಟವನು ನೀವು. ಉಳಿತಾಯ ಮಾತ್ರ ಅವರ ಖಾತೆಗೆ. ಬೆಂಗಳೂರಿನಲ್ಲಿ ಬಾಡಿಗೆ ಏರಿದಾಗ ಇದೇ ಹೊಂದಾಣಿಕೆ ಯಾಕೆ ನೆನಪಾಗಲಿಲ್ಲ ಎಂದು ಕೇಳಬಾರದು. ಅಪ್ರೈಸಲ್ ಹತ್ತಿರ ಬಂದಿರುತ್ತದೆ.

ಕಂಪನಿಯೇ ಹೋಗುತ್ತೇನೆ ಎಂದರೆ ಮಾತ್ರ ಇಡೀ ವಿಧಾನಸೌಧಕ್ಕೆ ಎಚ್ಚರ. 2025ರ ಸೆಪ್ಟೆಂಬರಿನಲ್ಲಿ ಒಂದು ಕಂಪನಿಯ ಮುಖ್ಯಸ್ಥರು ಗುಂಡಿ, ಧೂಳು, ಟ್ರಾಫಿಕ್ಕು ಸಾಕಾಗಿ ಹೊರವರ್ತುಲ ರಸ್ತೆ ಬಿಡುತ್ತಿದ್ದೇವೆ ಎಂದು ಎಕ್ಸ್‌ನಲ್ಲಿ ಬರೆದರು. ಆಂಧ್ರದ ಸಚಿವ ನಾರಾ ಲೋಕೇಶ್ ವಿಶಾಖಪಟ್ಟಣಕ್ಕೆ ಬನ್ನಿ ಎಂದು ಹಾಸಿಗೆ ಹಾಸಿದರು. ನಮ್ಮವರು ಬೆದರಿಕೆಗೆ ಬಗ್ಗುವುದಿಲ್ಲ ಎಂದು ಗುಡುಗಿದರು, ಹಿಂದೆಯೇ ಗುಂಡಿ ಮುಚ್ಚಲು ಗಡುವೂ ಕೊಟ್ಟರು. ಕಡೆಗೆ ಆ ಕಂಪನಿ ಬೆಂಗಳೂರು ಬಿಡುತ್ತಿಲ್ಲ, ಬೆಂಗಳೂರಿನೊಳಗೇ ಬೇರೆ ಕಡೆ ಹೋಗುತ್ತಿದೆ ಎಂದಾಯಿತು. ಅಷ್ಟಕ್ಕೇ ಎರಡು ರಾಜ್ಯಗಳ ಸಚಿವರು ಮಾತಾಡಿದರು. ನಾನೂ ಹೋಗುತ್ತೇನೆ ಎಂದು ಹೇಳಿ ನೋಡಿದ್ದೇನೆ. ವಾಚ್‌ಮನ್ ಮಾತ್ರ, "ಮನೆ ಖಾಲಿ ಆಗತ್ತಾ ಸಾರ್? ನಮ್ಮ ಕಡೆಯವರೊಬ್ರು ಹುಡುಕ್ತಾ ಇದಾರೆ" ಎಂದ.

ಹಳ್ಳಿಗೇ ಹೋಗಿ ಎನ್ನುವವರೂ ಇದ್ದಾರೆ. ಇವರು ಅತಿ ಅಪಾಯಕಾರಿ. ಭಾನುವಾರ ಬೆಳಿಗ್ಗೆ ವಾಟ್ಸ್ಆ್ಯಪಿನಲ್ಲಿ ಮಣ್ಣಿನ ವಾಸನೆ ಕಳಿಸುತ್ತಾರೆ. ತೊಟ್ಟಿಮನೆ, ಹಂಡೆ, ಒಲೆಯ ಮುಂದಿನ ಬೆಕ್ಕು. ನಮ್ಮ ಬಂಧುವೊಬ್ಬರು ಮದುವೆ ಮನೆಗಳಲ್ಲಿ ಈ ಕುರಿತು ಉಪನ್ಯಾಸವನ್ನೇ ಕೊಡುತ್ತಾರೆ. ಯುವಕರು ಹಳ್ಳಿಯಲ್ಲೇ ಉಳಿಯಬೇಕು, ಕೃಷಿಯೇ ದೇಶದ ಬೆನ್ನೆಲುಬು. ಕಳೆದ ವರ್ಷ ಮಗಳಿಗೆ ಗಂಡು ಹುಡುಕಿದರು. ಹತ್ತು ಎಕರೆ ತೋಟದ ಹುಡುಗ, ಒಳ್ಳೆಯ ಮನೆತನ, ಕುಡಿತವಿಲ್ಲ. "ಹುಡುಗ ಊರಲ್ಲೇ ಇರೋದಾ?" ಎಂದು ಕೇಳಿ ಜಾತಕ ವಾಪಸ್ಸು ಕಳಿಸಿದರು. ಮಗಳು ಈಗ ವೈಟ್‌ಫೀಲ್ಡಿನಲ್ಲಿದ್ದಾಳೆ. ದೇಶದ ಬೆನ್ನೆಲುಬಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ.

ತಮಾಷೆಯಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಬ್ರಹ್ಮಚಾರಿಗಳ ನಡಿಗೆ ಎಂದು ಟಿವಿಗಳು ನಕ್ಕವು. ಆ ಹುಡುಗರು ಮಾಡಿದ ತಪ್ಪು ಒಂದೇ. ವಾಟ್ಸ್ಆ್ಯಪಿನ ಮಾತು ನಂಬಿ ಊರಲ್ಲಿ ಉಳಿದದ್ದು.

ಕಾಯಿಲೆ ಬೀಳುವ ಹಾಗೂ ಇಲ್ಲ. ಉತ್ತರ ಕನ್ನಡದವರು ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಟ್ಟಲೆ ಕೂಗಿದ್ದಾರೆ. ಕೂಗುತ್ತಲೇ ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುತ್ತಾರೆ. ಅಲ್ಲೂ ಆಗದಿದ್ದರೆ ನಿಮ್ಹಾನ್ಸು, ಕಿದ್ವಾಯಿ. ಅಂದರೆ ಬೆಂಗಳೂರು. ಶುದ್ಧ ಗಾಳಿ ಸೇವಿಸುವವರಿಗೆ ಕಾಯಿಲೆಯೇ ಬರುವುದಿಲ್ಲ ಎಂದು ಆರೋಗ್ಯ ಇಲಾಖೆ ನಂಬಿದ ಹಾಗಿದೆ.

ಹೆಂಡತಿಯ ಲೆಕ್ಕವೂ ಒಂದು ಕಡೆ ಸಿಕ್ಕಿಹಾಕಿಕೊಂಡಿದೆ. ಕಾಗದದ ಎಡಕ್ಕೆ ಬೆಂಗಳೂರು, ಬಲಕ್ಕೆ ಬೇರೆ ಊರು. ಬಾಡಿಗೆ ಅರ್ಧ. ತರಕಾರಿ, ಹಾಲು ಹೆಚ್ಚುಕಡಿಮೆ ಅಷ್ಟೇ. ಗ್ಯಾಸು ಅಷ್ಟೇ. ಪೆಟ್ರೋಲು ಅಷ್ಟೇ. ಮೊಬೈಲಿಗೆ ಅಷ್ಟೇ. ಸಂಬಳ ಎಂಬ ಸಾಲಿನ ಮುಂದೆ ಬಲಗಡೆ ಒಂದು ಪ್ರಶ್ನಾರ್ಥಕ ಚಿಹ್ನೆ. ಊರು ಅಗ್ಗವಾಗುವುದು ಸಂಬಳ ಬೇರೆ ಊರಿನದಾದಾಗ. ಅಲ್ಲೇ ಹುಟ್ಟಿ, ಅಲ್ಲೇ ದುಡಿಯುವವನಿಗೆ ಅದು ಅಗ್ಗವಲ್ಲ. ನಂಬಿಕೆ ಇಲ್ಲದಿದ್ದರೆ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಸೈಟಿಗೆ ಬನ್ನಿ. ಯಾದಗಿರಿ, ರಾಯಚೂರು ಕಡೆಯ ಸಂಸಾರಗಳು ತಗಡಿನ ಶೆಡ್ಡಿನಲ್ಲಿವೆ. ಒಂದು ಬಾಗಿಲು, ಕಿಟಕಿಯಿಲ್ಲ. ಹೊರಗೆ ಮೂರು ಕಲ್ಲಿನ ಒಲೆ, ಅದರ ಮೇಲೆ ಜೋಳದ ರೊಟ್ಟಿ, ಪಕ್ಕದಲ್ಲಿ ಸಿಮೆಂಟ್ ಚೀಲದ ಮೇಲೆ ಮಲಗಿದ ಮಗು. ರೊಟ್ಟಿ ತಟ್ಟುತ್ತಿದ್ದ ಹೆಂಗಸನ್ನು ಊರು ಯಾಕೆ ಬಿಟ್ಟಿರಿ ಎಂದು ಕೇಳಿದೆ. "ಊರಾಗ ಏನೈತ್ರೀ?" ಎಂದಳು. ಗಾಳಿ ಐತಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಹತ್ತಿರದ ಊರುಗಳೇನಾದರೂ? ರಾಮನಗರ ನೋಡಿದೆವು. ನೋಡುತ್ತಿದ್ದ ಹಾಗೆಯೇ 2025ರ ಮೇನಲ್ಲಿ ಸಂಪುಟ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ಜುಲೈನಲ್ಲಿ ನಂದಿ ಬೆಟ್ಟದ ಮೇಲೆ ಸಂಪುಟ ಸೇರಿ ಬೆಂಗಳೂರು ಗ್ರಾಮಾಂತರವನ್ನು ಬೆಂಗಳೂರು ಉತ್ತರ ಮಾಡಿತು. ಸೆಪ್ಟೆಂಬರಿನಲ್ಲಿ ಅಸಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಒಡೆದರು. ಅದರಲ್ಲೂ ಒಂದು ದಕ್ಷಿಣ, ಒಂದು ಉತ್ತರ. ಇದ್ದ ಊರನ್ನು ಸಂಭಾಳಿಸಲಾಗದೆ ಐದು ಹೋಳು ಮಾಡಿದವರು, ಇಲ್ಲದ ಕಡೆಗೆಲ್ಲ ಅದನ್ನು ಹಂಚುತ್ತಿದ್ದಾರೆ. ಹೆಸರು ಬದಲಾದರೆ ಭೂಮಿಗೆ ಬೆಲೆ ಬರುತ್ತದೆ ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ಬಂತು. ಭೂಮಿ ಇದ್ದವರಿಗೆ.

ತುಮಕೂರಿಗೆ ಮೆಟ್ರೊ ಬರುತ್ತದೆ ಎಂಬ ಮಾತಿದೆ. ಮೆಟ್ರೊ ಇನ್ನೂ ಕಾಗದದ ಮೇಲಿದೆ. ಸೈಟಿನ ಬೆಲೆ ಆಗಲೇ ಹತ್ತಿ ಕಿಟಕಿ ಪಕ್ಕ ಕೂತಿದೆ. ಬ್ರೋಕರ್ ಒಬ್ಬ ಹುರುಳಿ ಹೊಲದ ನಡುವೆ ನಿಲ್ಲಿಸಿ, "ಇಲ್ಲೇ ಸಾರ್ ಸ್ಟೇಷನ್ನು" ಎಂದು ಕಾಲಲ್ಲಿ ನೆಲ ಗುದ್ದಿ ತೋರಿಸಿದ. ಸುತ್ತ ಬಿಳಿ ಬಣ್ಣ ಬಳಿದ ಕಲ್ಲುಗಳು. ಖಾತೆ ಯಾವುದು ಎಂದೆ. "ಅದೆಲ್ಲ ಆಮೇಲೆ ಆಗತ್ತೆ ಸಾರ್, ಸರ್ಕಾರ ಸಕ್ರಮ ಮಾಡೇ ಮಾಡತ್ತೆ" ಎಂದ. ಸರ್ಕಾರದ ಮೇಲೆ ಇಷ್ಟು ಅಚಲ ನಂಬಿಕೆ ಇಟ್ಟ ಪ್ರಜೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೈಸೂರಿನವರನ್ನು ಕೇಳಿದರೆ, "ನಿಮ್ಮ ಬೆಂಗಳೂರಿನವರು ಬಂದೇ ನಮ್ಮ ಊರು ಕೆಡ್ತು" ಎನ್ನುತ್ತಾರೆ. ತಪ್ಪೇನಿಲ್ಲ. ಅಲ್ಲಿಯ ಸೈಟಿನ ಬೆಲೆ ಕೇಳಿ ಅಲ್ಲಿಯ ಮೇಷ್ಟ್ರು ಬೆಚ್ಚುತ್ತಾರೆ. ಬೆಂಗಳೂರಿನಿಂದ ಹೋದವನು, "ಇಷ್ಟೇನಾ?" ಎಂದು ಚೆಕ್ ಬರೆಯುತ್ತಾನೆ. ವಾರಕ್ಕೊಂದು ಸಲ ಆ ಮೇಷ್ಟ್ರ ಮಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬರುತ್ತಾನೆ.

ನಮ್ಮ ಈಗಿನ ಓನರೂ ಹಾಗೆ ಹೋದವರು. ನಿವೃತ್ತರಾದ ಮೇಲೆ ಮೈಸೂರಿನಲ್ಲಿ ಮನೆ ಕಟ್ಟಿಸಿದರು. ಇಲ್ಲಿನದನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದಾರೆ. ಅಲ್ಲಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ವಾಕಿಂಗು, ಸಂಜೆ ಕಛೇರಿ, ಕೇಳಿದವರಿಗೆಲ್ಲ ಸರಳ ಬದುಕಿನ ಪಾಠ. ಸರಳ ಬದುಕಿಗೆ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ನಾನು ದುಡ್ಡು ಹಾಕುತ್ತೇನೆ. ಒಂದು ದಿನ ತಡವಾದರೆ ವಾಕಿಂಗ್ ಮಧ್ಯದಲ್ಲೇ ಫೋನ್ ಬರುತ್ತದೆ. ಹಿನ್ನೆಲೆಯಲ್ಲಿ ಹಕ್ಕಿಗಳ ಕೂಗು ಕೇಳುತ್ತದೆ.

ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯಿತೆಂದು ಮೊನ್ನೆ ಮತ್ತೆ ಫೋನ್ ಮಾಡಿದ್ದರು.

"ಅಯ್ಯೋ, ಆ ಹೊಗೆಯಲ್ಲಿ ಹೇಗಿದೀರಿ ಸಾರ್? ಆ ಊರಲ್ಲಿ ಮನುಷ್ಯರು ಇರೋಕಾಗತ್ತಾ? ನೀವೂ ಬಂದ್ಬಿಡಿ ಇಲ್ಲಿಗೆ."

"ಯೋಚನೆ ಮಾಡ್ತಾ ಇದೀವಿ ಸಾರ್."

"ಬರೋದಾದ್ರೆ ಎರಡು ತಿಂಗಳು ಮುಂಚೆ ಹೇಳಿ. ಪೇಂಟಿಂಗ್ ಹಿಡ್ಕೊಂಡು ಮಿಕ್ಕಿದ್ದು ಕೊಡ್ತೀನಿ. ಅಲ್ಲೇ ಇರೋದಾದ್ರೆ ಮುಂದಿನ ತಿಂಗಳಿಂದ ಹತ್ತು ಪರ್ಸೆಂಟು. ಏರಿಯಾ ತುಂಬಾ ಇಂಪ್ರೂವ್ ಆಗಿದೆಯಲ್ವಾ."

ಹೆಂಡತಿ ಪಕ್ಕದಿಂದ ಬೆರಳು ತೋರಿಸಿದಳು. ಹತ್ತನ್ನು ಎಂಟು ಮಾಡಿಸಿದೆ. ಥ್ಯಾಂಕ್ಸ್ ಬೇರೆ ಹೇಳಿದೆ.